ಪ್ರಶ್ನೆ ಮಗನಿಗೆ, ಉತ್ತರ ತಾಯಿಯದು

(ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ ಕುಟುಂಬವೊಂದರ ಕಥೆ ಇದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹೆಸರೇನು ಎಂದು ಕೇಳಿದ್ದು ಮಗನನ್ನು, ಹೇಳಿದ್ದು ತಾಯಿ. ಓದು, ಊಟ, ನಿದ್ದೆ ಎಲ್ಲದಕ್ಕೂ ಅವರದೇ ಉತ್ತರ. 23 ವರ್ಷದ ಹುಡುಗ ಅಂಗಿಯ ತೋಳಿನ ಗುಂಡಿ ತಿರುಗಿಸುತ್ತ, ಬಾಯಿ ತೆರೆಯುವ ಮೊದಲು ತಾಯಿಯ ಮುಖ ನೋಡುತ್ತಿದ್ದ.

ಇಂಜಿನಿಯರಿಂಗ್ ಮುಗಿಸಿ ವರ್ಷವಾಗಿತ್ತು. ಎರಡು ಸಂದರ್ಶನಗಳಿಗೆ ಹೊರಟವನು ಬಾಗಿಲವರೆಗೆ ಹೋಗಿ ಹೊಟ್ಟೆನೋವೆಂದು ಹಿಂತಿರುಗಿದ್ದ. ನಾಲ್ಕೂ ವರ್ಷ ತಂದೆ ಸ್ಕೂಟರಿನಲ್ಲಿ ಕಾಲೇಜಿನ ಗೇಟಿಗೆ ಬಿಟ್ಟು ಬರುತ್ತಿದ್ದರು. ಅವನ ಮೊಬೈಲ್ ರಿಂಗಾದರೆ ಎತ್ತುತ್ತಿದ್ದುದು ತಾಯಿ. ಇವನಿಗಿಂತ ಮೊದಲು ಹುಟ್ಟಿದ ಮಗು ಜ್ವರದಲ್ಲಿ ತೀರಿಕೊಂಡಿತ್ತು ಎಂಬುದು ಎರಡನೇ ಭೇಟಿಯಲ್ಲಿ, ತಾಯಿ ಒಬ್ಬರೇ ಬಂದಾಗ ತಿಳಿಯಿತು.

"ಹಾಗಾದರೆ ತಪ್ಪೆಲ್ಲ ನನ್ನದೇ?" ಎಂದು ಕೇಳಿದರು. ಅಲ್ಲ. ಕೆಲವು ಮಕ್ಕಳು ಹುಟ್ಟಿನಿಂದಲೇ ಅಂಜುವ ಸ್ವಭಾವದವರು. ಮಗು ಹಿಂಜರಿಯುತ್ತದೆ, ತಾಯಿ ಮುಂದೆ ಬರುತ್ತಾಳೆ, ಇಬ್ಬರಿಗೂ ಹಗುರವಾಗುತ್ತದೆ. ತೊಡಕೆಲ್ಲ ಆ ಹಗುರದಲ್ಲಿದೆ: ಅಮ್ಮ ಇದ್ದುದರಿಂದ ಬಚಾವಾದೆ ಎಂದು ಮಗ ಕಲಿಯುತ್ತಾನೆ, ನಾನು ಇಲ್ಲದಿದ್ದರೆ ಇವನ ಗತಿಯೇನು ಎಂದು ತಾಯಿ ಕಲಿಯುತ್ತಾಳೆ. ತಾನೇ ಮಾತನಾಡಿದ್ದರೆ ಏನಾಗುತ್ತಿತ್ತು ಎಂಬುದು ಮಾತ್ರ ಯಾರಿಗೂ ತಿಳಿಯುವುದಿಲ್ಲ.

ಇದು ಬರೀ ನಾಚಿಕೆಯಲ್ಲ. ಧ್ವನಿ ನಡುಗೀತು, ನಡುಗಿದ್ದು ಎದುರಿನವರಿಗೆ ಕಂಡೀತು, ದಡ್ಡನೆಂದುಕೊಂಡಾರು ಎಂಬ ಭಯ ಆರು ತಿಂಗಳಿಗೂ ಮೀರಿ ನಿಂತು ಓದು, ಉದ್ಯೋಗವನ್ನು ತಡೆದರೆ ಅದು ಸಾಮಾಜಿಕ ಆತಂಕ. ಸಾಮಾನ್ಯವಾಗಿ ಶುರುವಾಗುವುದು ಹದಿಹರೆಯದಲ್ಲಿ. ಮನೆಯವರು ಅದನ್ನು "ಒಳ್ಳೆಯ ಹುಡುಗ, ತಲೆಯೆತ್ತಿ ಮಾತನಾಡುವುದಿಲ್ಲ" ಎಂದು ಹೊಗಳುತ್ತಿರುತ್ತಾರೆ.

ಹುಡುಗನೊಂದಿಗೆ ಕುಳಿತು ಅವನ ಭಯಗಳಿಗೆ ನೂರಕ್ಕೆ ಅಂಕ ಹಾಕಿಸಿದೆ. ದರ್ಶಿನಿಯಲ್ಲಿ ಇನ್ನಷ್ಟು ಚಟ್ನಿ ಕೇಳುವುದಕ್ಕೆ 30, ಗ್ಯಾಸ್ ಏಜೆನ್ಸಿಗೆ ಫೋನ್ ಮಾಡುವುದಕ್ಕೆ 55, ಸಂದರ್ಶನಕ್ಕೆ 95. ಕಡಿಮೆ ಅಂಕದಿಂದ ಆರಂಭ. ಹೋಗುವ ಮೊದಲು ಏನಾಗುತ್ತದೆಂದು ಬರೆಯಬೇಕು, ಬಂದ ಮೇಲೆ ಏನಾಯಿತೆಂದು ಬರೆಯಬೇಕು. ಮೊಬೈಲಿನಲ್ಲಿ ಮುಖ ಹುದುಗಿಸುವಂತಿಲ್ಲ, ವಾಕ್ಯವನ್ನು ಹತ್ತು ಬಾರಿ ಉರು ಹೊಡೆಯುವಂತಿಲ್ಲ. "ಎಲ್ಲರೆದುರು ಗದರುತ್ತಾರೆ" ಎಂದು ಬರೆದು ಹೋದವನು ಚಟ್ನಿ ಹಾಕಿಸಿಕೊಂಡು ಬಂದ. "ಅವರು ನನ್ನ ಮುಖವನ್ನೇ ನೋಡಲಿಲ್ಲ" ಎಂದಾಗ ಧ್ವನಿಯಲ್ಲಿ ತುಸು ನಿರಾಸೆಯೂ ಇತ್ತು!

ಕಷ್ಟದ ಮನೆಪಾಠ ತಾಯಿಯದು. ಮಗನನ್ನು ಯಾರೇ ಏನೇ ಕೇಳಲಿ, ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಬೇಕು. ಮೊದಲ ವಾರ ಮೂರನ್ನು ದಾಟಲಾಗಲಿಲ್ಲ. "ಬಿಡು, ನಾನೇ ಮಾಡುತ್ತೇನೆ" ಎನ್ನುವ ಬದಲು "ನಿನಗೆ ಕಷ್ಟವಾಗುತ್ತದೆ ಎಂದು ಗೊತ್ತು, ಮಾಡಬಲ್ಲೆ ಎಂದೂ ಗೊತ್ತು" ಎನ್ನಲು ಹೇಳಿದೆ. ಇಷ್ಟು ಕೇಳಿದ್ದೇ ತಂದೆ ಉತ್ಸಾಹದಿಂದ "ನಾಳೆಯಿಂದ ಎಲ್ಲ ನೀನೇ ನೋಡಿಕೋ" ಎಂದುಬಿಟ್ಟರು, ಅದನ್ನು ತಡೆಯಬೇಕಾಯಿತು. ಬಾವಿಗೆ ತಳ್ಳಿ ಈಜು ಕಲಿಸುವ ಕಾಲ ಇದಲ್ಲ. ಒಂದೊಂದೇ ನೆರವನ್ನು, ಮಗನಿಗೆ ಮೊದಲೇ ತಿಳಿಸಿ, ಹಿಂತೆಗೆಯಬೇಕು.

ಮನೋವೈದ್ಯರನ್ನೂ ಕಂಡು ಬರಲು ಹೇಳಿದೆ. ಆತಂಕ ತೀವ್ರವಾಗಿದ್ದರೆ ಮಾತ್ರೆಯಿಂದಲೂ ಅನುಕೂಲವಿದೆ. ಸಾಯುವ ಯೋಚನೆ ಸುಳಿದರಂತೂ ಕಾಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಏಳನೇ ವಾರ ಅವನೊಬ್ಬನೇ ಬಸ್ಸಿನಲ್ಲಿ ಬರಬೇಕಿತ್ತು. ಗದ್ದಲದಲ್ಲಿ "ಇಳಿಯಬೇಕು" ಎಂದು ಕೂಗಲಾಗದೆ ಎರಡು ನಿಲ್ದಾಣ ಮುಂದೆ ಹೋದ. ಮನೆಗೆ ಫೋನ್ ಮಾಡದೆ, ದಾರಿಯಲ್ಲಿ ಇಬ್ಬರನ್ನು ಕೇಳಿಕೊಂಡು ಬೆವರುತ್ತ ನಡೆದು ಬಂದ. ತಾಯಿ ಮೊದಲೇ ಬಂದು ಕುಳಿತಿದ್ದರು, ಕೈಯಲ್ಲಿ ಫೋನ್ ಬಿಗಿಯಾಗಿ ಹಿಡಿದು.

"ಹತ್ತಲ್ಲ ಮೇಡಂ, ಸಾವಿರದ ಐನೂರರವರೆಗೆ ಎಣಿಸಿದೆ" ಎಂದರು. "ಆಮೇಲೆ ಲೆಕ್ಕ ತಪ್ಪಿತು."