ಪರೀಕ್ಷೆ ಮುಗಿದ ಮೇಲೆ ಮನೆಮಂದಿಯೆಲ್ಲ ಸೇರಿ ಮೈ ದಣಿಸೋಕೆ ಏನು ಮಾಡಬಹುದು?

ಯುಗಾದಿ ಬಂತು, ಮಕ್ಕಳು ಮೊಬೈಲ್ ಬಿಟ್ಟು ಏಳಲ್ಲ, ಹೊರಗೆ ಹೋದರೆ ಬಿಸಿಲು ಅಂತ ಕೇಳಿದ್ದೀರಿ. ನಮ್ಮದು ಮೈಸೂರು. ಹನ್ನೆರಡರ ಮಗಳು, ಏಳರ ಮಗ, ಮಂಡಿನೋವಿನ ಅತ್ತೆ, ನಾವಿಬ್ಬರು.

ಮೊದಲ ಸಲ ನಾವು ಎಡವಟ್ಟು ಮಾಡಿಕೊಂಡೆವು. ಭಾನುವಾರ ಹೊಟ್ಟೆತುಂಬಾ ಇಡ್ಲಿ ತಿಂದು ಒಂಬತ್ತೂವರೆಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲು ಹೋದೆವು. ಇರೋದು ಸಾವಿರ ಮೆಟ್ಟಿಲು! ಮುನ್ನೂರು ದಾಟುವಷ್ಟರಲ್ಲಿ ಮಗ ತಿಂದಿದ್ದನ್ನೆಲ್ಲ ಕಕ್ಕಿಬಿಟ್ಟ, ಇದು ಯಾರ ಐಡಿಯಾ ಅಂತ ನನಗೂ ಯಜಮಾನರಿಗೂ ಅಲ್ಲೇ ಜಗಳ.

ಈಗ ಒಂದು ಬಾಳೆಹಣ್ಣು ತಿಂದು ಆರೂವರೆಗೆಲ್ಲ ಬೆಟ್ಟದ ಬುಡದಲ್ಲಿರುತ್ತೇವೆ. ತುದಿ ಮುಟ್ಟಲೇಬೇಕು ಅಂತೇನಿಲ್ಲ, ಸುಮಾರು 700ನೇ ಮೆಟ್ಟಿಲ ಹತ್ತಿರ ದೊಡ್ಡ ನಂದಿ ಇದೆಯಲ್ಲ, ಅಲ್ಲಿಗೆ ಸಾಕು. ವ್ಯಾಯಾಮ ಅನ್ನೋ ಪದವನ್ನೇ ಎತ್ತಬೇಡಿ, ಮೆಟ್ಟಿಲು ಎಣಿಸಲು ಹೇಳಿ. ನಮ್ಮ ಮಕ್ಕಳಿಬ್ಬರ ಲೆಕ್ಕ ಇವತ್ತಿಗೂ ತಾಳೆಯಾಗಿಲ್ಲ, ಅದಕ್ಕೇ ಮುಂದಿನ ವಾರ ಅವರೇ ನಮ್ಮನ್ನು ಹೊರಡಿಸುತ್ತಾರೆ. ತಿಂಡಿ ಕವರ್ ಮಾತ್ರ ಕೈಯಲ್ಲಿ ಹಿಡಿಯಬೇಡಿ, ಕೋತಿಗಳ ಕಾಟ. ಪೂರ್ತಿ ಹತ್ತಿದ ದಿನ ಸಿಟಿ ಬಸ್ಸಲ್ಲಿ ಇಳಿಯುತ್ತೇವೆ, ಯಾಕಂದ್ರೆ ಹತ್ತುವುದಕ್ಕಿಂತ ಇಳಿಯುವಾಗಲೇ ಮಂಡಿಗೆ ಏಟು ಜಾಸ್ತಿ. ಶಕ್ತಿ ಯೋಜನೆ ಇರೋದ್ರಿಂದ ನನಗೂ ಮಗಳಿಗೂ ಫ್ರೀ, ಯಜಮಾನರು ಮಾತ್ರ ಗೊಣಗಿಕೊಂಡು ದುಡ್ಡು ಕೊಡುತ್ತಾರೆ.

ಅತ್ತೆಗೆ ಬೆಟ್ಟ ಆಗಲ್ಲ. ಅವರಿಗಾಗಿ ವಾರದಲ್ಲೆರಡು ದಿನ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ. ಅವರು ನಿಧಾನಕ್ಕೆ ನಡೆದು, ಬೆಂಚ್ ಸಿಕ್ಕಲ್ಲಿ ಕೂತು, ಹೊಂಗೆ ಚಿಗುರಿದ್ದನ್ನೂ ನೀರಲ್ಲಿ ಹೆಜ್ಜಾರ್ಲೆ ತೇಲೋದನ್ನೂ ನೋಡುತ್ತಾರೆ. ಮಗ ಮುಂದೆ ಓಡುತ್ತಾನೆ, ಅಜ್ಜಿಗೆ ಏನೋ ಹೇಳಬೇಕು ಅಂತ ವಾಪಸ್ ಓಡಿ ಬರುತ್ತಾನೆ, ಮತ್ತೆ ಓಡುತ್ತಾನೆ. ನಾವು ಒಂದು ಸುತ್ತು ಹಾಕುವಷ್ಟರಲ್ಲಿ ಅವನದು ಎರಡಾಗಿರುತ್ತದೆ. ಅದಕ್ಕೇ ಹೇಳೋದು, ಮನೆಯಲ್ಲಿ ಯಾರು ನಿಧಾನವೋ ಅವರ ನಡಿಗೆಗೆ ಜಾಗ ಆರಿಸಿ, ಚುರುಕಿನವರು ತಾವೇ ದಾರಿ ಕಂಡುಕೊಳ್ಳುತ್ತಾರೆ.

ಆದರೆ ವಾರಕ್ಕೆ ಮೂರು ದಿನ ಮಕ್ಕಳಿಗೆ ಸಾಲದು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಅಂದರೆ, 5ರಿಂದ 17 ವರ್ಷದವರಿಗೆ ದಿನಕ್ಕೇ 60 ನಿಮಿಷ ಅನ್ನುತ್ತದೆ. ಉಳಿದ ದಿನ ಸಂಜೆ ಬಿಸಿಲು ಇಳಿದ ಮೇಲೆ ಬೀದಿಯಲ್ಲೇ ಲಗೋರಿ. ಏಳು ಚಪ್ಪಟೆ ಕಲ್ಲು ಸಿಕ್ಕರೆ ಸಾಕು, ಚೆಂಡು ಮಾತ್ರ ಎರಡು ತಂದಿಡಿ, ಒಂದು ಎದುರುಮನೆ ಕಾಂಪೌಂಡಿಗೆ ಹೋಗೇ ಹೋಗುತ್ತದೆ.