‘ಷಾರ್ಲೆಟ್ಸ್ ವೆಬ್’ ಮತ್ತೆ ಓದಿದರೆ ಹಳೆಯ ಮೋಡಿ ಹೋಗುತ್ತದೆಯೇ? ಮಗುವಿಗೆ ಓದುವಾಗ ದುಃಖದ ಭಾಗ ಬಿಡಬಹುದೇ?

ಬಿಡಬೇಡಿ. ನಾನು ಬಿಟ್ಟಿದ್ದೆ, ಬಿಟ್ಟ ಜಾಗಕ್ಕೆ ನನ್ನದೇ ತೇಪೆಯನ್ನೂ ಹಾಕಿದ್ದೆ.

ಮಗಳಿಗೆ ಆಗ ಆರು ವರ್ಷ. ನಾನು ಚಿಕ್ಕವನಿದ್ದಾಗ ಓದಿದ್ದ ಪುಸ್ತಕ. ಹಂದಿಮರಿ ವಿಲ್ಬರ್, ಬಲೆಯಲ್ಲಿ ಅಕ್ಷರ ನೇಯ್ದು ಅವನ ಜೀವ ಉಳಿಸುವ ಜೇಡ ಷಾರ್ಲೆಟ್, ಇವರಿಬ್ಬರನ್ನು ಬಿಟ್ಟರೆ ಹೆಚ್ಚೇನೂ ನೆನಪಿರಲಿಲ್ಲ. ರಾತ್ರಿ ಊಟವಾದ ಮೇಲೆ ದಿನಕ್ಕೊಂದು ಅಧ್ಯಾಯ. ಕಣ್ಣು ಇಂಗ್ಲಿಷಿನ ಮೇಲೆ, ಬಾಯಲ್ಲಿ ಕನ್ನಡ. ಷಾರ್ಲೆಟ್ ಮೊದಲು ನೇಯುವ ‘ಸಮ್ ಪಿಗ್’ ಎಂಬ ಎರಡು ಪದಗಳ ಮುಂದೆ ತಡಕಾಡಿ, ಕಡೆಗೆ ‘ಎಂಥಾ ಹಂದಿ!’ ಎಂದೆ. ಆಮೇಲೆ ಕೆಲವು ತಿಂಗಳು ನಮ್ಮ ಮನೆಯಲ್ಲಿ ದೋಸೆ ಗರಿಗರಿಯಾಗಿ ಎದ್ದು ಬಂದರೂ ‘ಎಂಥಾ ಹಂದಿ!’

22 ಅಧ್ಯಾಯಗಳಲ್ಲಿ 21ನೆಯದು ಬಂತು. ಜಾತ್ರೆ ಮುಗಿದು ವಿಲ್ಬರ್ ಹೊರಡುತ್ತಾನೆ. ಷಾರ್ಲೆಟ್‌ಗೆ ಎದ್ದು ಬರುವಷ್ಟು ತ್ರಾಣವಿಲ್ಲ. ಜನ ಖಾಲಿಯಾದ ಆ ಬಯಲಿನಲ್ಲೇ ಸಾಯುತ್ತಾಳೆ, ಪಕ್ಕದಲ್ಲಿ ಯಾರೂ ಇರುವುದಿಲ್ಲ. ಆ ಹೊತ್ತಿಗೆ ಆಚೆ ಕೋಣೆಯಲ್ಲಿ ನನ್ನ ಅಮ್ಮ ಕೆಮ್ಮುತ್ತಿದ್ದರು. ಅವರು ಹೆಚ್ಚು ದಿನ ಉಳಿಯುವುದಿಲ್ಲವೆಂದು ವೈದ್ಯರು ಹೇಳಿ ವಾರವಾಗಿತ್ತು. ಮಗಳಿಗೆ ಹೇಳಿರಲಿಲ್ಲ. ಬಾಯಿಂದ ತಾನಾಗಿಯೇ ಬಂದುಬಿಟ್ಟಿತು: ‘ಷಾರ್ಲೆಟ್ ವಿಲ್ಬರ್‌ನ ಕಿವಿಯ ಹಿಂದೆ ಕುಳಿತು ಮನೆಗೆ ಬಂದಳು.’

ಆ ಒಂದು ವಾಕ್ಯ ಏನೇನು ಕೆಡಿಸಿತೆಂದು ಬಿಡಿಸಿಯೇ ಹೇಳುತ್ತೇನೆ. ಅವಳಿಗೆ ಬರಲಾಗದ ಕಾರಣಕ್ಕೇ ವಿಲ್ಬರ್ ಅವಳ ಮೊಟ್ಟೆಯ ಚೀಲವನ್ನು ನಾಲಿಗೆಯ ಮೇಲಿಟ್ಟುಕೊಂಡು ತರುವುದು. ಚೀಲ ಬಿಡಿಸಿ ಕೊಡಲೆಂದು ಟೆಂಪಲ್ಟನ್ ಎಂಬ ಇಲಿಗೆ, ಇನ್ನು ಮೇಲೆ ತನ್ನ ಬಾನಿಯಲ್ಲಿ ಮೊದಲು ತಿನ್ನುವವನು ನೀನೇ ಎಂದು ಮಾತು ಕೊಡುತ್ತಾನೆ. ಹಂದಿಯೊಂದು ಇದಕ್ಕಿಂತ ದೊಡ್ಡದೇನನ್ನು ಬಿಟ್ಟುಕೊಟ್ಟೀತು? ತಾಯಿಯೇ ಜೊತೆಗೆ ಬಂದಳೆಂದರೆ ಇದಾವುದೂ ಬೇಕಿಲ್ಲ. ಇಲಿಯ ಪ್ರಸಂಗ ಹೋಯಿತು, ಬಾನಿಯ ಮಾತೂ ಹೋಯಿತು. ವಸಂತದಲ್ಲಿ ಆ 514 ಮೊಟ್ಟೆಗಳಿಂದ ಹೊರಬಂದ ಮರಿಗಳು ಎಳೆ ಬಿಟ್ಟು ಗಾಳಿಯಲ್ಲಿ ತೇಲಿಹೋಗುವಾಗ ವಿಲ್ಬರ್ ಅಳುತ್ತಾನೆ. ಮೂರು ಮರಿಗಳು ಉಳಿದುಕೊಂಡಾಗ ಅವನ ಜೀವ ತಣ್ಣಗಾಗುತ್ತದೆ. ಷಾರ್ಲೆಟ್ ಬಾಗಿಲ ಮೇಲೆಯೇ ಕುಳಿತಿದ್ದರೆ ಅಳುವುದೇಕೆ? ಅದಕ್ಕೂ ಕತ್ತರಿ. ಉಳಿದದ್ದು ‘ಎಲ್ಲರೂ ಸುಖವಾಗಿದ್ದರು’ ಮಾತ್ರ. ಇಪ್ಪತ್ತು ರಾತ್ರಿ ಕಣ್ಣರಳಿಸಿ ಕೇಳಿದ್ದ ಹುಡುಗಿ ಆಕಳಿಸಿ ಮಗ್ಗುಲಾದಳು.

ಎರಡು ತಿಂಗಳಿಗೆ ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡರು. ನಾನು ಕೈ ಹಿಡಿದುಕೊಂಡು ಪಕ್ಕದಲ್ಲೇ ಇದ್ದೆ. ಮಗಳಿಗೂ ಹಾಗೆಯೇ ಹೇಳಿದೆ.

ಮೂರನೇ ತರಗತಿಯಲ್ಲಿ ಅವಳು ಶಾಲೆಯಿಂದ ಅದೇ ಪುಸ್ತಕ ತಂದು ತಾನೇ ಓದಿದಳು. ಮುಗಿಸಿ ಅಡುಗೆಮನೆಗೆ ಬಂದಾಗ ನಾನು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ಅತ್ತ ಗುರುತಿಲ್ಲ, ಸಿಟ್ಟೂ ಇಲ್ಲ. ‘ಅಪ್ಪಾ, ಅಜ್ಜಿ ಹೋಗುವಾಗ ನೀನು ಪಕ್ಕದಲ್ಲಿದ್ದೆ ಎಂದಿದ್ದೆಯಲ್ಲ, ಅದನ್ನೂ ನೀನೇ ಸೇರಿಸಿದ್ದಾ?’

ನಿಜವಾಗಿಯೂ ಇದ್ದೆ ಎಂದೆ. ‘ಹೂಂ’ ಎಂದು ಹೋದಳು. ಆಮೇಲೆ ನನ್ನ ಕೈಯಲ್ಲಿ ಕಥೆ ಓದಿಸಿಕೊಂಡಿಲ್ಲ.

ಇನ್ನು ನಿಮ್ಮ ಮೋಡಿಯ ಪ್ರಶ್ನೆ. ಅದನ್ನು ಕಾಪಾಡಿಕೊಳ್ಳಬೇಕೆಂಬ ಯೋಚನೆಯೇ ನನಗೆ ಒಪ್ಪಿಗೆಯಿಲ್ಲ. ಪುಸ್ತಕವೇನು ಭರಣಿಯಲ್ಲಿಟ್ಟ ಉಪ್ಪಿನಕಾಯಿಯಲ್ಲ. ಹೋದ ವರ್ಷ ನಾನೊಬ್ಬನೇ ಕುಳಿತು ಮತ್ತೆ ಓದಿದೆ. ಷಾರ್ಲೆಟ್ ಸತ್ತಾಗ ಕಣ್ಣು ಒದ್ದೆಯಾಗಲಿಲ್ಲ. ಗಂಟಲು ಕಟ್ಟಿದ್ದು ಫರ್ನ್ ಎಂಬ ಹುಡುಗಿಯ ಕಡೆ ನೋಡಿದಾಗ. ಮೊದಲ ಅಧ್ಯಾಯದಲ್ಲಿ ಅಪ್ಪನ ಕೊಡಲಿಗೆ ಅಡ್ಡ ಬಂದು ಮರಿಯನ್ನು ಉಳಿಸಿಕೊಂಡವಳು ಅವಳೇ. ಜಾತ್ರೆಯಲ್ಲಿ ಅದೇ ಹಂದಿಗೆ ಬಹುಮಾನ ಕೊಡುವ ಹೊತ್ತಿಗೆ ಅವಳ ಮನಸ್ಸೆಲ್ಲ ಹೆನ್ರಿ ಎಂಬ ಹುಡುಗನ ಜೊತೆ ಏರುವ ಜೈಂಟ್ ವೀಲ್ ಮೇಲೆ. ಆಮೇಲೆ ಕೊಟ್ಟಿಗೆಗೆ ಬರುವುದೂ ಅಪರೂಪವಾಗುತ್ತದೆ. ಲೇಖಕ ಇ.ಬಿ. ವೈಟ್ ಅದಕ್ಕೆ ಅವಳನ್ನು ಬೈಯುವುದಿಲ್ಲ. ಚಿಕ್ಕಂದಿನಲ್ಲಿ ಈ ಸಾಲುಗಳು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ವೈಟ್ ಹಳ್ಳಿಯನ್ನು ದೂರದಿಂದ ನೋಡಿ ಬರೆದವರಲ್ಲ. ಅಮೆರಿಕದ ಮೇನ್ ರಾಜ್ಯದಲ್ಲಿ ಅವರದೇ ಹೊಲ, ಕೊಟ್ಟಿಗೆ ಇದ್ದವು. ಕಾಯಿಲೆ ಬಿದ್ದ ಹಂದಿಯೊಂದನ್ನು ಆರೈಕೆ ಮಾಡಿಯೂ ಉಳಿಸಿಕೊಳ್ಳಲಾಗದೆ ಹೋದದ್ದನ್ನು 1948ರ ಪ್ರಬಂಧವೊಂದರಲ್ಲಿ ಬರೆದಿದ್ದಾರೆ. ಈ ಕಾದಂಬರಿ ಬಂದದ್ದು 1952ರಲ್ಲಿ. ಹುಲ್ಲು, ಸಗಣಿ, ಕುದುರೆಯ ಬೆವರು ಎಲ್ಲದರ ವಾಸನೆ ಪುಟದಿಂದಲೇ ಏಳುತ್ತದೆ. ಸಾವನ್ನು ತೆಗೆದರೆ ಆ ಕೊಟ್ಟಿಗೆಯೂ ಸುಳ್ಳಾಗುತ್ತದೆ.

ಸಂಕ್ಷಿಪ್ತ ಆವೃತ್ತಿ ಕೊಳ್ಳಬೇಡಿ. ಗಾರ್ತ್ ವಿಲಿಯಮ್ಸ್ ಅವರ ಚಿತ್ರಗಳಿರುವುದೇ ಇರಲಿ. 21ನೇ ಅಧ್ಯಾಯವನ್ನು ಶನಿವಾರ ರಾತ್ರಿಗೆ ಇಟ್ಟುಕೊಳ್ಳಿ, ಮರುದಿನ ಶಾಲೆಯಿರಬಾರದು. ನಿಮ್ಮ ಗಂಟಲು ಕಟ್ಟಿದರೆ ನೀರು ಕುಡಿದು ಮುಂದುವರಿಯಿರಿ. 22ನೆಯದನ್ನೂ ಅದೇ ರಾತ್ರಿ ಓದಿಬಿಡಿ, ಎಷ್ಟೇ ತಡವಾದರೂ.