ಮಳೆ ಎಚ್ಚರಿಕೆಯ ಪೋಸ್ಟರ್ ಮಾಡಲು ಕ್ಯಾನ್ವಾ ಕಲಿಯಲೋ, ಇಲಸ್ಟ್ರೇಟರ್ ಕಲಿಯಲೋ?

ಪೋಸ್ಟರ್ ವಿನ್ಯಾಸದ ಈ ಎರಡು ಸಾಫ್ಟ್‌ವೇರ್‌ಗಳೂ ಸದ್ಯಕ್ಕೆ ಬೇಡ. ಜಿಲ್ಲಾ ಆಡಳಿತದಲ್ಲಿ ಗುತ್ತಿಗೆ ಮೇಲೆ ಸೇರಿದ್ದೀರಿ, ಮಳೆ ಎಚ್ಚರಿಕೆಗೆ ಇನ್ಫೋಗ್ರಾಫಿಕ್ (ಮಾಹಿತಿಯನ್ನು ಚಿತ್ರದ ಹಾಗೆ ತೋರಿಸುವ ಹಾಳೆ) ಮಾಡಿ ಅಂದಿದ್ದಾರೆ. ನಾನೂ ಇದೇ ಕೆಲಸದಿಂದ, ಇದೇ ಪ್ರಶ್ನೆಯಿಂದ ಶುರು ಮಾಡಿದವನು. ಸಾಫ್ಟ್‌ವೇರ್ ಮಾತು ಕೊನೆಗಿರಲಿ.

ನಾವು ಮಾಡಿದ ಮೊದಲ ಹಾಳೆ ಕಂಪ್ಯೂಟರಿನಲ್ಲಿ ಲಕ್ಷಣವಾಗಿತ್ತು. ಮುಂದಿನ ಐದು ದಿನಕ್ಕೆ ಐದು ಚೌಕ, ಒಂದೊಂದಕ್ಕೂ ಆ ದಿನದ ಹವಾಮಾನ ಇಲಾಖೆಯ ಬಣ್ಣ: ಹಸಿರಾದರೆ ಏನೂ ಮಾಡಬೇಕಿಲ್ಲ, ಹಳದಿಯಾದರೆ ಗಮನವಿರಲಿ, ಕಿತ್ತಳೆಯಾದರೆ ಸಿದ್ಧರಾಗಿ, ಕೆಂಪಾದರೆ ಕೂಡಲೇ ಕ್ರಮ. ಪಿಡಿಎಫ್ ಮಾಡಿ ಪಂಚಾಯಿತಿಗಳಿಗೆ ಮೇಲ್ ಕಳಿಸಿದೆವು. ಅಲ್ಲಿ ಇದ್ದದ್ದು ಕಪ್ಪು-ಬಿಳುಪು ಲೇಸರ್ ಪ್ರಿಂಟರ್. ನೋಟಿಸ್ ಬೋರ್ಡಿಗೆ ಅಂಟಿದ್ದು ಅದರ ಪ್ರಿಂಟು. ಹಾಲಿನ ಡೈರಿಗೆ, ನ್ಯಾಯಬೆಲೆ ಅಂಗಡಿಗೆ ಹೋದದ್ದು ಆ ಪ್ರಿಂಟಿನ ಜೆರಾಕ್ಸು. ಅದರಲ್ಲಿ ಗುರುವಾರದ ಕೆಂಪು, ಭಾನುವಾರದ ಹಸಿರು ಎರಡೂ ಒಂದೇ ಬೂದು. ಹಳದಿ ಇದ್ದ ಚೌಕ ಖಾಲಿ ಬಿಟ್ಟ ಹಾಗೆ ಕಾಣುತ್ತಿತ್ತು. ಸರಿಪಡಿಸಿ ಮತ್ತೆ ಕಳಿಸುವಷ್ಟರಲ್ಲಿ ಗುರುವಾರ ಕಳೆದಿತ್ತು.

ಯಾಕೆ ಹೀಗಾಯಿತು ಅನ್ನುವುದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ಇದು ಕಂಪ್ಯೂಟರಿನಲ್ಲಿ ಕಣ್ಣಿಗೆ ಕಾಣುವ ತಪ್ಪಲ್ಲ. ಕಂಪ್ಯೂಟರಿಗೆ ಪ್ರತಿ ಬಣ್ಣವೂ ಕೆಂಪು, ಹಸಿರು, ನೀಲಿ ಅನ್ನುವ ಮೂರು ಅಂಶ, ಒಂದೊಂದೂ 0ಯಿಂದ 255ರವರೆಗೆ. ಬಣ್ಣವನ್ನು ಬೂದು ಮಾಡುವಾಗ ಬಳಸುವ ಸಾಮಾನ್ಯ ಲೆಕ್ಕ ಇದು: ಕೆಂಪಿನ ಅಂಶವನ್ನು 0.299ರಿಂದ, ಹಸಿರಿನದನ್ನು 0.587ರಿಂದ, ನೀಲಿಯದನ್ನು 0.114ರಿಂದ ಗುಣಿಸಿ ಕೂಡಿಸುವುದು. ಉತ್ತರ 0 ಬಂದರೆ ಕಪ್ಪು, 255 ಬಂದರೆ ಬಿಳಿ. ಅಪ್ಪಟ ಕೆಂಪಿಗೆ (255, 0, 0) ಬರುವುದು 76. ನಾವು ಹಾಕಿದ್ದ ಗಾಢ ಹಸಿರಿಗೆ (0, 128, 0) 75. ಕಿತ್ತಳೆ (255, 165, 0) 173, ಹಳದಿ (255, 255, 0) 226. ಅಂದರೆ ಅತಿ ಅಪಾಯದ ದಿನ, ಏನೂ ಇಲ್ಲದ ದಿನ ಎರಡೂ ಕಡುಬೂದು, ನಡುವಿನ ಎರಡು ದಿನ ತಿಳಿ. ಕ್ರಮವೇ ಕಲಸಿಹೋಯಿತು. ಕೆಂಪು-ಹಸಿರು ಬೇರೆ ಬೇರೆಯಾಗಿ ಕಾಣದ ಕಣ್ಣಿನವರಿಗಂತೂ ಕಲರ್ ಪ್ರಿಂಟೇ ಕೊಟ್ಟರೂ ಹೆಚ್ಚು ಕಡಿಮೆ ಇದೇ ಪಾಡು.

ಹಾಗಂತ ಬಣ್ಣ ಬದಲಿಸಬೇಡಿ. ಟಿವಿಯಲ್ಲೂ ಜನ ಅದೇ ಬಣ್ಣ ನೋಡುತ್ತಾರೆ. ಚೌಕ ಬಿಳಿಯಾಗೇ ಇರಲಿ, ಮೇಲೆ ಒಂದು ಪಟ್ಟಿಗೆ ಮಾತ್ರ ಬಣ್ಣ ತುಂಬಿ. ಒಳಗೆ ಕಪ್ಪಕ್ಷರದಲ್ಲಿ "ರೆಡ್ ಅಲರ್ಟ್" ಅಂತ ಬರೆದೇ ಬಿಡಿ. ಚೌಕದ ಸುತ್ತಲಿನ ಗೆರೆಯ ದಪ್ಪವೂ ಅಪಾಯದ ಜೊತೆ ಏರಲಿ: ಹಸಿರಿಗೆ ಗೆರೆ ಬೇಡ, ಹಳದಿಗೆ 1 ಪಾಯಿಂಟ್, ಕಿತ್ತಳೆಗೆ 3, ಕೆಂಪಿಗೆ 6. ಕಳಿಸುವ ಮುಂಚೆ ಕಚೇರಿಯ ಅತಿ ಹಳೇ ಪ್ರಿಂಟರಿನಲ್ಲಿ ಪ್ರಿಂಟ್ ತೆಗೆದು, ಅದರ ಜೆರಾಕ್ಸ್ ಮಾಡಿಸಿ, ಆ ಜೆರಾಕ್ಸಿಗೂ ಇನ್ನೊಂದು ಜೆರಾಕ್ಸ್ ಮಾಡಿಸಿ. ಮೂರನೇ ಹಾಳೆ ಓದಲು ಬಂದರೆ ಮಾತ್ರ ಕಳಿಸಿ.

ಮಾತಿನ ವಿಷಯದಲ್ಲಿ ನನಗೆ ರಾಜಿಯೇ ಇಲ್ಲ. "ಸಾರ್ವಜನಿಕರು ಸೂಕ್ತ ಮುನ್ನೆಚ್ಚರಿಕೆ ಕ್ರಮಗಳನ್ನು ಕೈಗೊಳ್ಳತಕ್ಕದ್ದು" ಅಂತ ಬರೆದರೆ ಯಾರೂ ಏನೂ ಮಾಡುವುದಿಲ್ಲ, ಮಾಡಲು ಅದರಲ್ಲಿ ಏನೂ ಹೇಳಿಯೇ ಇಲ್ಲ. "ಹಳ್ಳ ತುಂಬಿದ್ದರೆ ದಾಟಬೇಡಿ. ದನಗಳನ್ನು ಎತ್ತರದ ಜಾಗದಲ್ಲಿ ಕಟ್ಟಿ." ಇಷ್ಟು ಸಾಕು. "ಮುಂದಿನ 24 ಗಂಟೆ" ಅನ್ನುವುದೂ ಬೇಡ. ಫಾರ್ವರ್ಡ್ ಆಗಿ ಮಾರನೇ ದಿನ ತಲುಪಿದವರಿಗೆ ಅದು ಯಾವ 24 ಗಂಟೆ? ಹವಾಮಾನ ಇಲಾಖೆಯ ಮಳೆಯ ದಿನ ಬೆಳಗ್ಗೆ 8:30ಕ್ಕೆ ಶುರುವಾಗಿ ಮರುದಿನ 8:30ಕ್ಕೆ ಮುಗಿಯುತ್ತದೆ. ವಾರ, ತಾರೀಕು, ಗಂಟೆ ಮೂರೂ ಬರಲಿ.

ಮಿಲಿಮೀಟರ್ ಹಾಕಿ ಅಂತ ಮೇಲಿನವರು ಹೇಳಿಯೇ ಹೇಳುತ್ತಾರೆ. ಒಂದು ದಿನದಲ್ಲಿ 64.5ರಿಂದ 115.5 ಮಿ.ಮೀ. ಭಾರೀ ಮಳೆ, 204.4ರವರೆಗೆ ಅತಿ ಭಾರೀ, ಅದರಾಚೆ ಅತ್ಯಂತ ಭಾರೀ. ಓದುವವರಿಗೆ ಅದು ಬರೀ ಅಂಕಿ. 1 ಮಿ.ಮೀ. ಅಂದರೆ ಚದರ ಮೀಟರಿಗೆ 1 ಲೀಟರ್, 204.4 ಮಿ.ಮೀ. ಸುರಿದರೆ 30x40 ಸೈಟಿನ ಮೇಲೆ ಸುಮಾರು 22,800 ಲೀಟರ್ ಬಿದ್ದ ಲೆಕ್ಕ, 6,000 ಲೀಟರಿನ ಟ್ಯಾಂಕರಾದರೆ ಹತ್ತಿರ ಹತ್ತಿರ ನಾಲ್ಕು. ಟ್ಯಾಂಕರ್ ನೀರು ಕೊಂಡವರಿಗೆ ಇದು ತಕ್ಷಣ ತಿಳಿಯುತ್ತದೆ.

ಕನ್ನಡ ಅಕ್ಷರಕ್ಕೆ ಅದರದ್ದೇ ತೊಂದರೆಗಳಿವೆ. ಹಳೇ ನುಡಿ ಫಾಂಟಿನ ಕಡತ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ, ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ತೆರೆಯುವ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ವರ್ಡ್‌ನಲ್ಲಿ ಸಾಲಿನ ಅಂತರ "ಎಕ್ಸಾಕ್ಟ್ಲಿ" ಅಂತ ಇಟ್ಟರೆ "ರಾಷ್ಟ್ರ"ದ ಒತ್ತುಗಳು ಕತ್ತರಿಸಿಹೋಗಬಹುದು, 1.5 ಇಡಿ. ಇನ್ನು ಫೋನು: ಎ4 ಹಾಳೆಯ ಅಗಲ 210 ಮಿ.ಮೀ., ಫೋನಿನ ಪರದೆಯದು ಸುಮಾರು 70. 12 ಪಾಯಿಂಟಿನ ಅಕ್ಷರ ಅಲ್ಲಿ 4 ಪಾಯಿಂಟ್ ಆಗುತ್ತದೆ, ಒತ್ತಕ್ಷರ ಮಸಿಯ ಚುಕ್ಕೆಯಾಗುತ್ತದೆ. ವಾಟ್ಸಾಪಿಗೆ ಬೇರೆಯದೇ ಕಾರ್ಡ್ ಮಾಡಿ, 1080x1350 ಪಿಕ್ಸೆಲ್, 40 ಪದ ಮೀರದಂತೆ. ಅದರ ಕೆಳಗೆ ಅದೇ ಮಾತನ್ನು ಟೈಪ್ ಮಾಡಿ ಕಳಿಸಿ. ಚಿತ್ರ ಡೌನ್‌ಲೋಡ್ ಆಗದವರಿಗೂ, ಫೋನಿಂದ ಓದಿಸಿ ಕೇಳುವ ಅಂಧರಿಗೂ ಸಿಗುವುದು ಆ ಅಕ್ಷರ ಮಾತ್ರ.

ಆಮೇಲೆ ಕಚೇರಿಯ ಹೊರಗಿನ ಐದು ಜನಕ್ಕೆ ತೋರಿಸಿ. ಹತ್ತು ಸೆಕೆಂಡ್ ಕೊಟ್ಟು ಹಾಳೆ ಮಗುಚಿ. "ಅರ್ಥ ಆಯ್ತಾ?" ಅಂತ ಕೇಳಬೇಡಿ, ಎಲ್ಲರೂ "ಆಯ್ತು ಸಾರ್" ಅನ್ನುತ್ತಾರೆ. "ನಾಳೆ ನೀವೇನು ಮಾಡ್ತೀರಿ? ಎಷ್ಟು ಗಂಟೆವರೆಗೆ?" ಅಂತ ಕೇಳಿ. ಇಬ್ಬರು ತಡವರಿಸಿದರೂ ತಿದ್ದಿ.

ಈಗ ಸಾಫ್ಟ್‌ವೇರ್. ಕ್ಯಾನ್ವಾ ಸಾಕು. ಇಲಸ್ಟ್ರೇಟರೇ ಬೇಕೆಂದರೆ ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ಭಾರತೀಯ ಭಾಷೆಗಳಿಗೆ ಹೊಂದುವ ಕಂಪೋಸರ್ (ಅಕ್ಷರ ಜೋಡಿಸುವ ವಿಧಾನ) ಆರಿಸಿಕೊಳ್ಳಿ, ಇಲ್ಲದಿದ್ದರೆ "ಅಕ್ಕ" ಹೋಗಿ "ಅಕ್‌ಕ" ಆಗಿಬಿಡಬಹುದು. ಯಾವುದರಲ್ಲಿ ಮಾಡಿದರೂ ಹಾಳೆಯ ಬುಡದಲ್ಲಿ 2 ಸೆಂಟಿಮೀಟರ್ ಎತ್ತರದ ಒಂದು ಖಾಲಿ ಚೌಕ ಬಿಡಿ. ತಾಲ್ಲೂಕು ಕಂಟ್ರೋಲ್ ರೂಮಿನ ನಂಬರನ್ನು ಪಿಡಿಓ ಅಲ್ಲೇ ಪೆನ್ನಿನಲ್ಲಿ ಬರೆದುಕೊಳ್ಳಲಿ.